ಎರಡು ಬೋಲ್ಟು ಮತ್ತು ಅವ್ವ ಕೂರುವ ಜಾಗ

ನಮ್ಮ ಮನೆಯಲ್ಲಿ ಇಂಜಿನ್ನಿನ ಹೊಟ್ಟೆ ಬಿಚ್ಚುವ ದಿನ ಬಂತೆಂದರೆ ನನಗೆ ಯುಗಾದಿ, ಗೌರಿಹಬ್ಬ ಎಲ್ಲ ಅದರ ಮುಂದೆ ಸಪ್ಪೆ. ಹಬ್ಬದ ದಿನ ಏನಿರುತ್ತದೆ ಹೇಳಿ? ಎಣ್ಣೆ ನೀರು, ಒಬ್ಬಟ್ಟು, ಮಧ್ಯಾಹ್ನ ನಿದ್ದೆ. ಇಂಜಿನ್ ಬಿಚ್ಚುವ ದಿನ ಹಾಗಲ್ಲ. ಅವತ್ತು ಶಾಲೆಗೆ ಹೋಗು ಅಂತ ಯಾರಾದರೂ ಹೇಳಿದರೆ ನಾನು ಹೊಟ್ಟೆನೋವು ಅನ್ನುತ್ತಿದ್ದೆ, ನಂಬದಿದ್ದರೆ ನಿಜವಾಗಿಯೂ ಅಳುತ್ತಿದ್ದೆ. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ, ನಾಲೆಯ ಪಕ್ಕ ನಮ್ಮದು ಆಲೆಮನೆ. ಕಬ್ಬು ಅರೆದು, ಅದರ ಹಾಲು ಕಾಯಿಸಿ, ಬೆಲ್ಲ ಮಾಡುವ ಜಾಗ. ಅದಕ್ಕೆ ಅಂಟಿಕೊಂಡ ಹಾಗೆ ಎರಡು ಕೋಣೆ, ಒಂದು ಅಡುಗೆಮನೆ. ಅದೇ ನಮ್ಮ ಮನೆ. ಒಂದು ಕೋಣೆಯಲ್ಲಿ ಬೆಲ್ಲದ ಅಚ್ಚುಗಳು ಮಲಗುತ್ತಿದ್ದವು, ಇನ್ನೊಂದರಲ್ಲಿ ನಾವು. ಮಲಗುವ ಮುಂಚೆ ಚಾಪೆ ಒದರುವುದು ಬೇರೆ ಮನೆಗಳಲ್ಲಿ ಧೂಳಿಗೆ, ನಮ್ಮಲ್ಲಿ ಇರುವೆಗೆ. ಅಡುಗೆಮನೆಯ ಗೋಡೆಯ ಆಚೆಗೇ ಇಂಜಿನ್ನು. ಅದು ಓಡುವಾಗ ಗೂಡಿನಲ್ಲಿದ್ದ ಲೋಟಗಳೆಲ್ಲ ಗುಂಯ್ ಅನ್ನುತ್ತಿದ್ದವು. ಮುದ್ದೆ ಕಟ್ಟುತ್ತಾ ಕಟ್ಟುತ್ತಾ ಅವ್ವ ಒಮ್ಮೊಮ್ಮೆ ಕೈ ನಿಲ್ಲಿಸಿ ಆ ಸದ್ದು ಕೇಳುವಳು. "ಇವತ್ಯಾಕೋ ಲೋಟ ಬೇರೆ ತರ ಕೂಗ್ತಾವೆ, ಡೀಸಲ್ ನೋಡಿ" ಅಂತ ಕೂಗಿ ಹೇಳಿದರೆ, ಹೋಗಿ ನೋಡಿದಾಗ ಟ್ಯಾಂಕು ತಳ ಕಂಡಿರುತ್ತಿತ್ತು.

ಆ ಇಂಜಿನ್ನು ಅವ್ವನ ತವರಿನದು. ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ ಕಡೆ ಅವಳ ತವರು. ಮಳೆ ನಂಬಿದ ಬೇಸಾಯ, ಕುರಿ ಹಿಂಡು, ಒಂದು ಬಾವಿ. ಬಾವಿಯ ನೀರು ಇಂಗಿದ ಮೇಲೆ ಅದರ ಪಂಪಿನ ಇಂಜಿನ್ನು ಸುಮ್ಮನೆ ನಿಂತಿತ್ತು. ನಮ್ಮ ತಾತ ಅದನ್ನು ಗಾಡಿಗೆ ಹೇರಿಸಿ ಮಗಳ ಮನೆಗೆ ಕಳಿಸಿದ. ಅಲ್ಲಿಯವರೆಗೆ ಎತ್ತು ತಿರುಗಿಸುತ್ತಿದ್ದ ನಮ್ಮ ಗಾಣಕ್ಕೆ ಬೆಲ್ಟು ಬಂತು. ಒಂದೇ ಸಿಲಿಂಡರಿನ ಹಳೆಯ ಇಂಜಿನ್ನು, ಎರಡು ಪಕ್ಕ ಎರಡು ಭಾರದ ಚಕ್ರ, ಹ್ಯಾಂಡ್ಲು ಹಾಕಿ ತಿರುಗಿಸಿದರೆ ಊರಿಗೆಲ್ಲ ಕೇಳುವ ಸದ್ದು. ನಮ್ಮಜ್ಜಿಗೆ, ಅಂದರೆ ಅಪ್ಪನ ತಾಯಿಗೆ, ಸೊಸೆಯನ್ನು ಕೆಣಕಲು ಬೇರೆ ವಿಷಯವೇ ಬೇಕಿರಲಿಲ್ಲ.

"ಎಲ್ಲಾರ್ ಮನೆ ಸೊಸೇರು ಚಿನ್ನ ತಂದ್ರು. ನಮ್ಮೋಳು ಹೊಗೆ ತಂದವ್ಳೆ."

"ಆ ಹೊಗೆ ಇರೋದ್ಕೇ ಅಲ್ವಾ ಅತ್ತೆ, ನಿಮ್ಮನೆ ಒಲೆ ಉರೀತಿರೋದು!"

ಅಜ್ಜಿ ಬೊಚ್ಚು ಬಾಯಿ ತೆರೆದು ನಗುವಳು. ಬೈಗುಳಕ್ಕೆ ತಕ್ಕ ಉತ್ತರ ಸಿಕ್ಕಿದರೇ ಅವಳಿಗೆ ಊಟ ಸೇರುತ್ತಿದ್ದದ್ದು. ಇಂಜಿನ್ನು ತನ್ನದು ಅನ್ನುವ ಜಂಬ ಅವ್ವನಿಗೂ ಚೆನ್ನಾಗಿಯೇ ಇತ್ತು. ಗಾಣಕ್ಕೆ ಕಬ್ಬು ಕೊಡುವ ಕೆಲಸವನ್ನು ಅವಳು ಯಾರಿಗೂ ಬಿಡುತ್ತಿರಲಿಲ್ಲ. ಗೋಣಿಚೀಲ ಮಡಿಸಿ ಹಾಕಿದ ಒಂದು ಮಣೆ. ಎದುರಿಗೆ ಗಾಣ, ಬಲಗಡೆ ನಾಲ್ಕು ಮಾರು ದೂರ ಕೂಡ ಇಲ್ಲದೆ ಇಂಜಿನ್ನು. ಇಂಜಿನ್ನಿನ ಹೊಟ್ಟೆಗೆ ಒಂದು ಅಗಲವಾದ ಬಾಗಿಲು ಇರುತ್ತದಲ್ಲ, ಅದು ನೇರವಾಗಿ ಅವಳ ಕಡೆಗೇ ಮುಖ ಮಾಡಿತ್ತು. ಎಂಟು ವರ್ಷ ಅವಳು ಅಲ್ಲೇ ಕೂತಳು. ನನ್ನ ತಂಗಿಗೆ ಹಾಲು ಕುಡಿಸಿದ್ದೂ ಅಲ್ಲೇ.

ಇನ್ನು ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಮಾತ್ರ ನಡೆಯುತ್ತಿದ್ದ ಒಂದು ಶಾಸ್ತ್ರ ಹೇಳಬೇಕು. ಬೇರೆಯವರು ಇಂಜಿನ್ನಿಗೆ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದು ಮುಗಿಸುತ್ತಾರೆ. ನಮ್ಮಪ್ಪ ಅದಾದ ಮೇಲೆ ಹೊಟ್ಟೆಯ ಬಾಗಿಲು ತೆಗೆಯುವನು. ಒಳಗೆ ಕಾಣುವುದು ಕನೆಕ್ಟಿಂಗ್ ರಾಡಿನ ಬುಡ. ಮೇಲೆ ಪಿಸ್ಟನ್ನು ಏರಿ ಇಳಿಯುತ್ತದೆ, ಕೆಳಗೆ ದಪ್ಪ ಶಾಫ್ಟು ಸುತ್ತುತ್ತದೆ, ನಡುವೆ ಎರಡನ್ನೂ ಹಿಡಿದಿರುವುದು ಈ ರಾಡು. ಅದರ ಬುಡ ಶಾಫ್ಟನ್ನು ಎರಡು ಅಂಗೈ ಸೇರಿಸಿ ಹಿಡಿದ ಹಾಗೆ ಹಿಡಿದಿರುತ್ತದೆ, ಆ ಎರಡು ಅಂಗೈ ಬಿಡದ ಹಾಗೆ ಎರಡು ಬೋಲ್ಟು. ಆ ಬೋಲ್ಟುಗಳಿಗೆ ಅಪ್ಪ ಸ್ಪ್ಯಾನರು ಹಾಕಿ, ಸ್ಪ್ಯಾನರಿನ ಬಾಲಕ್ಕೆ ಮಾರುದ್ದದ ಪೈಪು ತೂರಿಸಿ, ಮನೆಮಂದಿಯನ್ನೆಲ್ಲ ಕರೆಯುವನು. ಮೊದಲು ಅಜ್ಜಿ ಪೈಪು ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು, ಆಮೇಲೆ ಅವ್ವನ ಕೈ, ಅದರ ಮೇಲೆ ಅಪ್ಪನ ಕೈ, ತುದಿಯಲ್ಲಿ ನಾನು ಬಾವಲಿಯ ಹಾಗೆ.

"ಇನ್ನೊಂಚೂರು! ಇನ್ನೊಂಚೂರು! ಜೋತ್‌ಬೀಳು ಮಗ, ಜೋತ್‌ಬೀಳು!"

ಪ್ರತಿ ವರ್ಷವೂ ಅದು ಒಂಚೂರು ತಿರುಗುತ್ತಿತ್ತು. ತಿರುಗಿತೆಂದರೆ ಅಪ್ಪನಿಗೆ ಸಂಭ್ರಮ. ವರ್ಷವೆಲ್ಲ ಓಡಿ ಸಡಿಲವಾದದ್ದನ್ನು ಬಿಗಿದುಬಿಟ್ಟೆವು, ಇನ್ನು ಮುಂದಿನ ವರ್ಷದವರೆಗೆ ಯೋಚನೆ ಇಲ್ಲ ಅನ್ನುವ ಸಂಭ್ರಮ. ನನಗೂ ಅಷ್ಟೇ. ನನ್ನ ಭಾರದಿಂದಲೇ ಇಂಜಿನ್ನು ಗಟ್ಟಿಯಾಯಿತು ಅಂತ ಶಾಲೆಯಲ್ಲಿ ಹೇಳಿಕೊಂಡು ತಿರುಗಿದವಳು ನಾನು.

ನನಗೆ ಹನ್ನೊಂದು ವರ್ಷ ಇರಬಹುದು. ಕಬ್ಬಿನ ಕಾಲ, ನಮ್ಮ ಗದ್ದೆಯದೇ ಕಬ್ಬು ಕಡಿಸಿ ಅಂಗಳದಲ್ಲಿ ಒಟ್ಟಿತ್ತು. ಕಡಿದ ಕಬ್ಬು ಕಾಯುವುದಿಲ್ಲ. ಎರಡು ಮೂರು ದಿನ ಹೋದರೆ ಹಾಲು ಇಳಿಯುತ್ತದೆ, ಬೆಲ್ಲ ಕೂರುವುದಿಲ್ಲ. ಅಂಥ ಹೊತ್ತಿನಲ್ಲಿ ಇಂಜಿನ್ನಿನ ಬಾಗಿಲ ಸಂದಿಯಿಂದ ಆಯಿಲ್ ಸೋರಲು ಶುರುವಾಯಿತು. ಬಾಗಿಲಿಗೂ ಮೈಗೂ ನಡುವೆ ಇರುವ ಪ್ಯಾಕಿಂಗು ಹೋಗಿತ್ತು ಅಷ್ಟೆ. ಅರ್ಧ ಗಂಟೆ ಕೆಲಸ. ಶ್ರೀರಂಗಪಟ್ಟಣದಿಂದ ಖಾದರ್ ಸಾಬರಿಗೆ ಹೇಳಿ ಕಳಿಸಿದರು. ಸಾಬರು ಅಂದರೆ ಈ ಸುತ್ತಿನ ಪಂಪು, ಆಲೆಮನೆಗಳಿಗೆಲ್ಲ ಅವರೇ ವೈದ್ಯರು. ಮೊಪೆಡ್ಡಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು ಬೆಳಗ್ಗೆ ತಿಂಡಿ ಹೊತ್ತಿಗೆ ಬಂದರು. ನಾನು ಶಾಲೆಯ ಚೀಲವನ್ನು ಬೆಲ್ಲದ ಕೋಣೆಯಲ್ಲಿ ಬಚ್ಚಿಟ್ಟು ಪೆಟ್ಟಿಗೆಯ ಪಕ್ಕ ಕೂತುಬಿಟ್ಟೆ. ಅವರು ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಮುಗಿಸುವಷ್ಟರಲ್ಲಿ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರುಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿದ್ದೆ. ಯಾರೂ ಜೋಡಿಸು ಅಂದಿರಲಿಲ್ಲ.

ಬಾಗಿಲು ಬಿಚ್ಚಿಕೊಂಡಿತು. ಕಪ್ಪು ಎಣ್ಣೆಯ ವಾಸನೆ ಮುಖಕ್ಕೆ ಹೊಡೆಯಿತು. ಅಬ್ಬಾ, ಇವತ್ತಿಗೂ ಆ ವಾಸನೆ ಬಂದರೆ ನನಗೆ ಬಾಯಲ್ಲಿ ನೀರೂರುತ್ತದೆ! ಸಾಬರು ಹಳೆ ಪ್ಯಾಕಿಂಗು ಕೆರೆದು ಹಾಕಿ, ಬಟ್ಟೆಯಿಂದ ಒಳಗೆ ಒರೆಸುತ್ತಿದ್ದವರು ಬಟ್ಟೆ ಕೆಳಗಿಟ್ಟರು. ಬೆರಳಿನಿಂದ ಬೋಲ್ಟನ್ನು ಸವರಿದರು.

"ಗೌಡ್ರೆ, ಈ ಬೋಲ್ಟು ಯಾವಾಗ ಬದಲಾಯಿಸಿದ್ರಿ?"

"ಬದಲಾಯ್ಸೋದಾ? ನಮ್ ಮಾವ ಇಂಜಿನ್ ಕಳ್ಸುದಾಗ್ಲಿಂದ ಅವೇ."

"ಬಿಗೀತೀರಾ?"

"ವರ್ಸ ವರ್ಸ! ಪೈಪ್ ಹಾಕಿ, ಮನೇರೆಲ್ಲ ಸೇರ್ಕೊಂಡು!"

"ತೋಬಾ!" ಅಂದರು ಸಾಬರು. "ಹೊಟ್ಟೆ ಹೆಂಗೂ ಬಿಚ್ಚಿದೆ. ಇವೆರಡೂ ತೆಗ್ದು ಹೊಸದು ಹಾಕ್ಬುಡ್ತೀನಿ."

ಅಪ್ಪನಿಗೆ ಮೂಗಿನ ಮೇಲೇ ಕೋಪ. ಅವನು ವರ್ಷವೂ ಭಕ್ತಿಯಿಂದ ಮಾಡುವ ಕೆಲಸಕ್ಕೆ ಇನ್ನೊಬ್ಬರು ತೋಬಾ ಅಂದರೆ ಸುಮ್ಮನಿರುತ್ತಾನೆಯೇ?

"ಪ್ಯಾಕಿಂಗ್ ಹಾಕು ಅಂತ ಕರ್ಸಿದ್ರೆ ಇಂಜಿನ್ನೇ ಬಿಚ್ಚಾಕ್ತೀನಿ ಅಂತೀಯಲ್ಲಯ್ಯ! ಚೆನ್ನಾಗ್ ಓಡ್ತಾ ಅದೆ, ಅಂಗೇ ಇರ್ಲಿ ಬುಡು. ಇರಲಾರ್ದೆ ಇರುವೆ ಬುಟ್ಕೊಂಡಂಗೆ ಆಯ್ತದೆ."

"ಇರುವೆ ಆಗ್ಲೇ ಒಳಗೈತೆ ಗೌಡ್ರೆ. ನಾನು ಬುಡ್ತಾ ಇಲ್ಲ, ತೋರುಸ್ತಾ ಇದೀನಿ."

ಕೊಪ್ಪರಿಗೆ ತೊಳೆಯುತ್ತಿದ್ದ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು.

"ಬದಲಾಯ್ಸದೆ ಓಡ್ಸುದ್ರೆ ಏನಾಯ್ತದೆ ಸಾಬ್ರೆ?"

"ಇವತ್ತೇ ಏನಾದ್ರೂ ಆಯ್ತದೆ ಅಂತ ಹೇಳಲ್ಲ ತಾಯಿ. ಆದ್ರೆ ಓಡ್ತಾ ಓಡ್ತಾ ಒಂದು ಬೋಲ್ಟು ಕಿತ್ಕೊಂಡ್ರೆ ಈ ರಾಡು ಒಳಗಿರಲ್ಲ. ಬಾಗಿಲು ಒಡ್ಕೊಂಡು ಆಚೆ ಬತ್ತದೆ." ಅವರು ತಿರುಗಿ ನೋಡಿದರು. "ಈ ಮಣೆ ಮೇಲೆ ಯಾರು ಕೂರೋದು?"

ಎಲ್ಲರೂ ಮಣೆಯ ಕಡೆ ನೋಡಿದೆವು. ಗೋಣಿಚೀಲದ ಮೇಲೆ ಅವ್ವ ಕೂತು ಕೂತು ಆದ ತಗ್ಗು ಕಾಣುತ್ತಿತ್ತು. ಅಪ್ಪ ಮೊದಲು ಮಾತಾಡಿದ, ಮಾತಾಡದಿದ್ದರೇ ಚೆನ್ನಾಗಿತ್ತು. "ಸುಮ್ನೆ ಎದ್ರುಸ್ಬೇಡ ಕಣಯ್ಯ. ಅಷ್ಟು ಬಿಗಿಯಾಗಿರೋದು ಯಾಕ್ ಕಿತ್ಕತದೆ? ಹೆಂಗಸ್ರು ಮುಂದೆ ಇಂಥವೆಲ್ಲ ಆಡ್ಬಾರ್ದು. ಮೊದ್ಲೇ ಇವಕ್ಕೆ ಬುದ್ಧಿ ಮೊಣಕಾಲ್ ಕೆಳ್ಗೆ" ಅಂದ. ಅವ್ವನ ಮುಖ ಕೆಂಪಾಯಿತು. "ಮೊಣಕಾಲ್ ಕೆಳ್ಗೇ ಇರ್ಲಿ, ಆ ಮೊಣಕಾಲು ಆ ಬಾಗ್ಲು ಮುಂದೆ ಇರೋದು ನಂದು" ಅಂದಳು. ಹಾಗೆ ಅವಳು ಮೂರನೆಯವರ ಎದುರಿಗೆ ಅಪ್ಪನಿಗೆ ಎದುರಾಡಿದ್ದನ್ನು ನಾನು ನೋಡಿರಲಿಲ್ಲ. ಕಬ್ಬಿನ ರಾಶಿಯ ಪಕ್ಕ ಬಿಸಿಲು ಕಾಯಿಸುತ್ತಿದ್ದ ಅಜ್ಜಿ ಕೋಲು ಕುಟ್ಟಿದಳು.

"ಬಿಚ್ಚಿ ನೋಡ್ಲಾ. ನೋಡುದ್ರೆ ಏನ್ ಸವ್ದೋಯ್ತದಾ?"

ಅಜ್ಜಿಯ ಮಾತು ಮೀರುವ ಧೈರ್ಯ ಅಪ್ಪನಿಗಿರಲಿಲ್ಲ. ಸಾಬರು ಒಂದು ಬೋಲ್ಟು ಬಿಚ್ಚಿದರು. ಬೆಳಗೊಳದ ಒಬ್ಬರ ಪಂಪಿಗೆ ಹಾಕಲು ತಂದಿದ್ದ ಹೊಸ ಜೋಡಿ ಅವರ ಪೆಟ್ಟಿಗೆಯಲ್ಲಿತ್ತು. ಅದೂ ಇದೇ ತರದ ಇಂಜಿನ್ನು. ಹಳೆಯದನ್ನೂ ಹೊಸದನ್ನೂ ಒರೆಸಿ ಅವರು ನನ್ನ ಕೈಗೇ ಕೊಡಬೇಕೇ! "ನನ್ ಕಣ್ಣು ಮಂಜು ಮಗಳೇ, ನೀನು ನೋಡು" ಅಂದರು. ಹೇಗೆ ನೋಡುವುದು ಅಂತಲೂ ಹೇಳಿಕೊಟ್ಟರು. ಒಂದರ ತಿರುಪಿನ ಹಲ್ಲುಗಳನ್ನು ಇನ್ನೊಂದರ ಹಲ್ಲುಗಳ ನಡುವೆ ಕೂರಿಸಬೇಕು, ಎರಡು ಬಾಚಣಿಗೆ ಎದುರುಬದುರು ಹೆಣೆದ ಹಾಗೆ. ಆಮೇಲೆ ಬಿಸಿಲಿಗೆ ಹಿಡಿಯಬೇಕು. ಎರಡೂ ಸಮ ಇದ್ದರೆ ಪೂರ್ತಿ ಕೂರುತ್ತವೆ, ನಡುವೆ ಬೆಳಕು ತೂರುವುದಿಲ್ಲ. ಒಂದು ಎಳೆದುಕೊಂಡು ಉದ್ದವಾಗಿದ್ದರೆ ಹಲ್ಲಿಗೆ ಹಲ್ಲು ಸೇರುವುದಿಲ್ಲ.

ಆಲೆಮನೆಯ ಬಾಗಿಲಿಗೆ ಓಡಿದೆ. ಮೊದಲ ನಾಲ್ಕೈದು ಹಲ್ಲು ಸರಿಯಾಗಿ ಕೂತವು. ಆಮೇಲೆ ಒಂದರ ಮೇಲೊಂದು ಹತ್ತಿಕೊಂಡವು, ಒತ್ತಿದರೂ ಕೂರಲೊಲ್ಲವು. ಆಚೆ ಬಿಸಿಲಿತ್ತು. ನಡುವೆ ಕೂದಲೆಳೆಯಷ್ಟು ಬೆಳಕು!

"ಬೆಳ್ಕು ಕಾಣ್ತದೆ! ಅಪ್ಪಾ, ಬೆಳ್ಕು ಕಾಣ್ತದೆ!"

ಕುಣಿದಾಡಿಬಿಟ್ಟೆ. ಹೇಳಲು ನಾಚಿಕೆಯಾಗುತ್ತದೆ, ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಯಾವತ್ತೂ ಆಗಿರಲಿಲ್ಲ. ಮನೆಯಲ್ಲಿ ಯಾರೂ ಕಾಣದ್ದನ್ನು ನಾನು ಕಂಡಿದ್ದೆ. ಇವತ್ತು ನಾನು ನಾಗಮಂಗಲದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳುತ್ತೇನೆ. ಯಾಕೆ ಆ ವಿಷಯ ತಗೊಂಡಿರಿ ಅಂತ ಕೇಳಿದರೆ ಏನೇನೋ ದೊಡ್ಡ ಮಾತು ಹೇಳುತ್ತೇನೆ. ನಿಜ ಹೇಳಬೇಕೆಂದರೆ ಆ ಕೂದಲೆಳೆ ಬೆಳಕಿಗೆ ಬಿದ್ದವಳು ನಾನು. ಆದರೆ ಅವತ್ತು ಕುಣಿಯುವಾಗ ಅದು ಯಾರ ಜೀವದ ಸುದ್ದಿ ಅನ್ನುವುದು ನನ್ನ ತಲೆಗೇ ಹೋಗಿರಲಿಲ್ಲ.

ಅಪ್ಪ ಒಪ್ಪಲಿಲ್ಲ. "ಬಿಸ್ಲಲ್ಲಿ ಎಲ್ಲಾದ್ರಲ್ಲೂ ಬೆಳ್ಕು ಕಾಣ್ತದೆ, ಸರ್ಕೊಳೇ ಅತ್ಲಾಗೆ" ಅಂದವನೇ ಸ್ಪ್ಯಾನರಿಗೆ ಪೈಪು ತೂರಿಸಿದ. ಇನ್ನೂ ಬಿಚ್ಚದೆ ಇದ್ದ ಎರಡನೆಯ ಬೋಲ್ಟಿಗೆ ಹಾಕಿದ. "ಇನ್ನೂ ಎಷ್ಟ್ ಬಿಗಿ ತಗೊಳ್ತದೆ ನೋಡು ಬಾರಯ್ಯ" ಅಂತ ಎಳೆದ. ತಿರುಗಿತು. ಅಪ್ಪನ ಮುಖ ಅರಳಿತು. ಇನ್ನೂ ಎಳೆದ, ಇನ್ನೂ ತಿರುಗಿತು, ಬಹಳ ಸಲೀಸಾಗಿ, ಹದಕ್ಕೆ ಬಂದ ಪಾಕ ಎಳೆದ ಹಾಗೆ.

"ನೋಡ್ದಾ? ತಗೊಳ್ತಾ ಅದೆ!"

"ತಗೊಳ್ತಿಲ್ಲ ಗೌಡ್ರೆ, ಎಳ್ಕೊಳ್ತಾ ಐತೆ. ಬುಡಿ, ಕೈ ಬುಡಿ!"

ಟಕ್ ಅಂತ ಒಂದು ಸಣ್ಣ ಸದ್ದು. ಕಡ್ಡಿ ಮುರಿದಷ್ಟೇ. ಅಪ್ಪ ಪೈಪಿನ ಸಮೇತ ಹಿಂದಕ್ಕೆ ಹೋಗಿ ಕಬ್ಬಿನ ಸಿಪ್ಪೆಯ ಮೇಲೆ ಅಂಗಾತ ಬಿದ್ದ. ಬೇರೆ ದಿನವಾಗಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ಬೋಲ್ಟಿನ ತಲೆ ಉರುಳಿಕೊಂಡು ಬಂದು ಅವ್ವನ ಕಾಲ ಹತ್ತಿರ ನಿಂತಿತು. ಅವಳು ಬಗ್ಗಿ ಎತ್ತಿಕೊಂಡಳು, ತಿರುಗಿಸಿ ನೋಡಿದಳು. ನನಗೆ ಆಗ ಹೊಳೆಯಿತು. ಆ ಬೋಲ್ಟನ್ನು ಎಳೆದೆಳೆದು ಸಣ್ಣ ಮಾಡಿದ್ದು ನಾವೇ. ಅಜ್ಜಿ, ಅಪ್ಪ, ಸ್ವತಃ ಅವ್ವ, ಮತ್ತೆ ತುದಿಯಲ್ಲಿ ಜೋತುಬಿದ್ದ ನಾನು. ಓಡಿಹೋಗಿ ಅವ್ವನ ಸೆರಗು ಹಿಡಿದುಕೊಂಡೆ.

ಹೆದರಿದ ಮನುಷ್ಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರುತ್ತಾನೆ. ಅಪ್ಪನೂ ಹಾರಿದ. ಮೈಗಂಟಿದ ಸಿಪ್ಪೆಯನ್ನೂ ಕೊಡವದೆ ಎದ್ದು ಬಂದು, "ಹೊಸವು ಬ್ಯಾಡ ಸಾಬ್ರೆ, ಅದೇ ತರದವು ಬ್ಯಾಡ. ಲಾರಿಗೆ ಹಾಕ್ತಾರಲ್ಲ, ಅಂಥ ಗಟ್ಟಿ ಬೋಲ್ಟು ತನ್ನಿ. ತೂತು ದೊಡ್ಡದ್ ಮಾಡಿ, ಇನ್ನೂ ದಪ್ಪಂದು ಹಾಕಿ. ಇನ್ ಹುಟ್ಟಿದ್ ಜನ್ಮಕ್ಕೆ ಮುರೀಬಾರ್ದು" ಅಂದ. ಸಾಬರು ತಾಳ್ಮೆಯಿಂದ ಹೇಳಿದರು. ದಪ್ಪ ಬೋಲ್ಟು ಹಾಕಿದರೆ ತೂತು ದೊಡ್ಡದು ಮಾಡಬೇಕು, ರಾಡು ಅಷ್ಟು ಸವೆದ ಹಾಗೆ. ತುಂಬ ಗಟ್ಟಿಯಾದದ್ದು ಹಾಕಿ ಅದರ ಬಿಗಿಗೆ ತಕ್ಕ ಹಾಗೆ ಬಿಗಿದರೆ ರಾಡಿನ ಬುಡದ ಗುಂಡಗಿನ ಹಿಡಿ ಮೊಟ್ಟೆಯಂತಾಗಿ ಶಾಫ್ಟನ್ನೇ ಕಚ್ಚುತ್ತದೆ. ಹಾಗೆ ಆಗಬಾರದು ಅಂದರೆ ರಾಡು ಪೂರ್ತಿ ಬಿಚ್ಚಿ ಲೇತ್‌ಗೆ ಕೊಟ್ಟು ಮತ್ತೆ ಗುಂಡಗೆ ಮಾಡಿಸಬೇಕು. "ನಾಲ್ಕು ದಿನ ಬೇಕು. ಮಾಡ್ಸಿ ಅಂದ್ರೆ ಮಾಡುಸ್ತೀನಿ. ನಿಮ್ ಕಬ್ಬಿಗೆ ಅದ್ರ ಅಗತ್ಯ ಇಲ್ಲ."

ಅಪ್ಪ ಕಬ್ಬಿನ ರಾಶಿ ನೋಡಿದ, ಇಂಜಿನ್ನು ನೋಡಿದ, ಕೊನೆಗೆ ಅವ್ವನ ಕಡೆ ನೋಡಿದ. ನಮ್ಮ ಮನೆಯಲ್ಲಿ ಇಂಜಿನ್ನಿನ ವಿಷಯದಲ್ಲಿ ಅವನು ಅವಳನ್ನು ಕೇಳಿದ್ದು ಅದೇ ಮೊದಲು. ಬಾಯಿಬಿಟ್ಟು ಕೇಳಲಿಲ್ಲ, ನೋಡಿದ ಅಷ್ಟೆ.

"ನಮ್ಮಪ್ಪ ಕಳ್ಸುದಾಗ ಎಂಥವಿದ್ವೋ ಅಂಥವೇ ಹಾಕಿ ಸಾಬ್ರೆ. ದಪ್ಪನೂ ಬ್ಯಾಡ, ಲಾರಿದೂ ಬ್ಯಾಡ" ಅಂದಳು ಅವ್ವ. "ಬಿಗಿಯೋದ್ ಮಾತ್ರ ನೀವೇ ಬಿಗೀರಿ."

ಬೆಳಗೊಳದವರ ಬೋಲ್ಟು ನಮ್ಮ ಇಂಜಿನ್ನಿಗೆ ಬಿದ್ದವು. ಅವರಿಗೆ ಬೇರೆ ತಂದುಕೊಡುತ್ತೇನೆ ಅಂದರು ಸಾಬರು. ಮುರಿದ ತುಂಡು ತೆಗೆದು, ಬುಡದ ಹಿಡಿಯ ಮೇಲೆ ಬೆರಳಾಡಿಸಿ, ಅಳೆದು, ಗುಂಡಗೇ ಇದೆ ಅಂತ ನೋಡಿಕೊಂಡರು. ಆಮೇಲೆ ಪೆಟ್ಟಿಗೆಯ ತಳದಿಂದ ಬಟ್ಟೆ ಸುತ್ತಿದ ಒಂದು ಸ್ಪ್ಯಾನರು ತೆಗೆದರು. ತಕ್ಕಡಿಗೆ ಇರುವ ಹಾಗೆ ಅದಕ್ಕೊಂದು ಮುಳ್ಳು, ಮುಳ್ಳಿನ ಕೆಳಗೆ ಗೆರೆಗಳು! ಎಷ್ಟು ಬಿಗಿ ಅನ್ನುವುದನ್ನೂ ಅಳೆಯಬಹುದು ಅಂತ ನನಗೆ ಅವತ್ತೇ ಗೊತ್ತಾದದ್ದು. ಮುಳ್ಳು ನೋಡುವ ಕೆಲಸ ನನ್ನದು. ಅವರು ಎಳೆದರು, ಮುಳ್ಳು ಮೆಲ್ಲಗೆ ಸರಿದು ಅವರು ತೋರಿಸಿದ್ದ ಗೆರೆಗೆ ಬಂತು.

"ಬಂತು! ನಿಲ್ಸಿ! ಬಂತು!"

ನಿಲ್ಲಿಸಿದರು. ಎರಡನೆಯದಕ್ಕೂ ಹಾಗೇ. ಪೈಪಿಲ್ಲ, ಜೋತುಬೀಳುವುದಿಲ್ಲ, ಒಬ್ಬ ಮುದುಕರ ಒಂದು ಕೈ.

"ಅಷ್ಟೇನಾ?" ಅಂದ ಅಪ್ಪ. "ಇನ್ನೊಂಚೂರು..."

"ಮುಚ್ಲಾ ಬಾಯ" ಅಂದಳು ಅಜ್ಜಿ.

ಸಾಬರಿಗೆ ನಗು ತಡೆಯಲಾಗಲಿಲ್ಲ. ಅಪ್ಪನಿಗೂ. ನಾವೆಲ್ಲ ನಕ್ಕೆವು, ಅವ್ವ ಒಬ್ಬಳನ್ನು ಬಿಟ್ಟು. ಅವಳು ಚಕ್ರ ಹಿಡಿದು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಕಿವಿ ಕೊಟ್ಟು ಕೇಳಿ, ಸರಿ ಅನ್ನುವ ಹಾಗೆ ತಲೆಯಾಡಿಸಿದಳು. ಹೊಸ ಪ್ಯಾಕಿಂಗು ಕೂತಿತು, ಬಾಗಿಲು ಮುಚ್ಚಿತು. ಎಲ್ಲರೂ ಹುರುಳಿ ಬಸ್ಸಾರಿನಲ್ಲಿ ಮುದ್ದೆ ಉಂಡು ಎದ್ದರು. ಹ್ಯಾಂಡ್ಲು ಹಾಕಿ ತಿರುಗಿಸಿದಾಗ ಮೂರನೇ ಸುತ್ತಿಗೆ ಇಂಜಿನ್ನು ಹಿಡಿಯಿತು. ಅಡುಗೆಮನೆಯಲ್ಲಿ ಲೋಟಗಳು ಗುಂಯ್ ಅಂದವು. ಬೆಲ್ಟು ಏರಿತು, ಗಾಣ ತಿರುಗಿತು.

ಅವ್ವ ಸೆರಗು ಸಿಕ್ಕಿಸಿಕೊಂಡು ಮಣೆಯ ಹತ್ತಿರ ಹೋದಳು. ಅಲ್ಲಿ ಅಪ್ಪ ಕೂತಿದ್ದ. ಇಂಜಿನ್ನಿನ ಬಾಗಿಲಿಗೆ ಮೈಕೊಟ್ಟು, ಕಬ್ಬು ಕೈಯಲ್ಲಿ ಹಿಡಿದು, ಮೊದಲ ದಿನ ಶಾಲೆಗೆ ಬಂದ ಮಗುವಿನ ಹಾಗೆ ನೆಟ್ಟಗೆ.

"ಏಳಿ ಮ್ಯಾಕೆ. ನಿಮ್ಗೆಲ್ ಬಂದದು ಇದು, ಗಾಣಕ್ಕೆ ಕೈ ಕೊಟ್ಬುಟ್ಟೀರಿ" ಅಂದಳು ಅವ್ವ, ಸದ್ದಿನ ಮೇಲೆ ಕೇಳಲಿ ಅಂತ ಜೋರಾಗಿ.

ಅವನು ಏಳಲಿಲ್ಲ. ಅವಳ ಮುಖವನ್ನೂ ನೋಡಲಿಲ್ಲ.

"ಸುಮ್ಕಿರಮ್ಮಿ" ಅಂದ. "ಎಂಟ್ ವರ್ಸ ನೀನ್ ಕುಂತಿದ್ದೆ ಇಲ್ಲಿ. ಇವತ್ತೊಂದಿನ ನಾನ್ ಕುಂತ್ಕತೀನಿ."

ಅವ್ವ ನಿಂತಲ್ಲೇ ನಿಂತಳು. ಇಂಜಿನ್ನು ಓಡುತ್ತಲೇ ಇತ್ತು. ಆಮೇಲೆ ರಾಶಿಯಿಂದ ಎರಡು ಕಬ್ಬು ಎಳೆದು, ಬುಡ ಮುಂದೆ ಮಾಡಿ ಅವನ ಕೈಗೆ ಕೊಟ್ಟಳು.

"ಕೈ ಇಂದ್ಕೆ ಇರ್ಲಿ" ಅಂದಳು.